ಮಧ್ಯಾಹ್ನ ಮುಟ್ಟದ ಹೂವು

೮ ಜನವರಿ ೨೦೨೫

ಬಿಪಿ ಗುಳಿಗೆ ಆಯಿತು. ಚಹಾಕ್ಕೆ ಸಕ್ಕರೆ ಮರೆತೆ. ಗುಡ್ಡವ್ವ ಇದ್ದಿದ್ದರೆ ಬೈಯುತ್ತಿದ್ದಳು. ಹೆಂಡತಿ ಹೋದ ಮೇಲೆ ಬೈಗುಳವೂ ಬಂದ್. ಹಾಗೇ ಕುಡಿದೆ.

ಸಂಜೆ ಮಗಳು ಸುಚಿತ್ರಾ ಬಂದಳು. ಮುಖ ಸಪ್ಪಗೆ. ತರಬೇತಿ ಸೆಂಟರಿನಲ್ಲಿ ಅವಳು ಕಟ್ಟಿದ ಹೊಸ ಕೋರ್ಸಿಗೆ ಇಂದು ಮಾನ್ಯತೆಯ ಇನ್‌ಸ್ಪೆಕ್ಷನ್. ಹೈಬ್ರಿಡ್ ಬೀಜಕ್ಕಾಗಿ ಟೊಮ್ಯಾಟೊ ಹೂವಿನ ಕ್ರಾಸಿಂಗ್. ರಾಣೆಬೆನ್ನೂರ ಸುತ್ತ ಹೆಣ್ಣುಮಕ್ಕಳು ಎಷ್ಟೋ ವರ್ಷದಿಂದ ಮಾಡುವ ಕೆಲಸ — ಸರ್ಟಿಫಿಕೇಟ್ ಮಾತ್ರ ಯಾರ ಬಳಿಯೂ ಇಲ್ಲ. ಸಾಹೇಬರು ಬಂದದ್ದು ಮಧ್ಯಾಹ್ನ ಒಂದೂವರೆಗೆ. ಗಿಡ ಬೆಳೆಸುವ ನೆಟ್ ಹೌಸ್ ಖಾಲಿ, ಒಬ್ಬರೂ ಇಲ್ಲ.

"ಮಧ್ಯಾಹ್ನದ ಬಿಸಿಲಾಗ ಯಾರರ ಹೂವು ಮುಟ್ತಾರೇನಪ್ಪಾ? ಸಂಜೀಕ ಮೊಗ್ಗಿನ ಗಂಡು ಭಾಗ ಚಿಮಟಿಗೀಲೆ ತಗೀತೇವಿ, ಮರುದಿನ ಮುಂಜಾನೆ ಪರಾಗ ಹಚ್ತೇವಿ. ಸಂಜೀತನಕ ಕುಂದ್ರಿ ಸರ್ ಅಂದೆ. ಹಾವೇರ್‍ಯಾಗ ಮೀಟಿಂಗ್ ಐತಿ ಅಂತ ಹೋಗೇಬಿಟ್ರು."

೧೭ ಫೆಬ್ರವರಿ

ತೀರ್ಮಾನ ಬಂತು. 'ಪ್ರಾಯೋಗಿಕ ತರಬೇತಿ ಕಂಡುಬಂದಿಲ್ಲ. ಮಾನ್ಯತೆ ನೀಡಲಾಗಿಲ್ಲ.' ಎರಡೇ ಸಾಲು. ಅಪೀಲಿಗೆ ಒಂದು ತಿಂಗಳು. ಮಾನ್ಯತೆ ಸಿಗದಿದ್ದರೆ ಸೆಂಟರಿನವರು ಜೂನಿನಿಂದ ಕೋರ್ಸ್ ಮುಚ್ಚುತ್ತಾರೆ. ಸುಚಿತ್ರಾಳ ನೌಕರಿಯೂ ಅದರ ಜೊತೆಗೇ.

ಗುಡ್ಡವ್ವ ಮೇಡ್ಲೇರಿ ಹೊಲಗಳಲ್ಲಿ ಇದೇ ಕ್ರಾಸಿಂಗ್ ಕೆಲಸ ಮಾಡಿ ಮಗಳನ್ನು ಓದಿಸಿದಳು. ಜನಗಣತಿಯವರು ಅವಳ ಹೆಸರಿನ ಮುಂದೆ ಬರೆದುಕೊಂಡು ಹೋದದ್ದು — ಕೂಲಿ. ಫುಲ್‌ಸ್ಟಾಪ್.

೧೯ ಫೆಬ್ರವರಿ

ಅಪೀಲ್ ಬರೆಯಲು ಕೂತೆ. 'ಐ ಬೆಗ್ ಟು ಸ್ಟೇಟ್ ದಟ್ ದಿ ಫ್ಲವರ್ ಈಸ್...' ಏನು? ಸ್ಲೀಪಿಂಗ್? ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟ ಇಂಗ್ಲಿಷ್ ಅಲ್ಲೇ ನಿಂತಿದೆ.

ಕೋರ್ಸಿಗೆ ಬ್ಯಾಡಗಿಯಿಂದ ಬರುವ ಆಯಿಶಾ ಓದಿಸಿಕೊಂಡು ನಕ್ಕಳು. "ಪರಮೇಶಪ್ಪ ಕಾಕಾ, ಇದನ್ನ ಕಳಸ್ರಿ. ಇನ್ನೊಮ್ಮೆ ಓದೋದು ಬ್ಯಾಡಪ್ಪಾ ಅಂತ ಮಂಜೂರ್ ಮಾಡಿಬಿಡ್ತಾರ!"

ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಖರೇ ಹೇಳ್ರಿ, ಆಗ್ತೈತೇನು? ನಮ್ಮತ್ತಿ ಸರ್ಟಿಫಿಕೇಟ್ ಕಾಗದಾ ತೋರ್ಸು, ಇಲ್ಲಾ ಮೆಣಸಿನಕಾಯಿ ತೊಟ್ಟು ಬಿಡಿಸಾಕ ನಡಿ ಅಂತಾರ."

ಆಗುತ್ತದೆ ಅಂದೆ. ಯಾವ ಧೈರ್ಯದ ಮೇಲೋ.

೨೧ ಫೆಬ್ರವರಿ

ಹಾವೇರಿ. ಆಫೀಸಿನ ಗುಮಾಸ್ತ ಮಾಂತೇಶ ಕಾಗದ ಓದಿ ತಲೆ ಕೆರೆದುಕೊಂಡ.

"ಯಜಮಾನ್ರ, ಇದರಾಗ ನಿಮ್ಮ ಹೆಂಡ್ತಿ ಸುದ್ದಿ ಯಾಕ್ರಿ?"

"ಆಕಿನೂ ಇದನ್ನ ಮಾಡ್ತಿದ್ದಳಪ್ಪಾ."

"ಅದನ್ನ ಅವರು ಓದಂಗಿಲ್ಲರಿ. ಇನ್‌ಸ್ಪೆಕ್ಷನ್ ಯಾವ ಹೊತ್ತಿಗೆ ಆತು, ಅದ್ಯಾಕ ತಪ್ಪು, ಅಷ್ಟ ಬರೀರಿ."

ಅಲ್ಲೇ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಬರೆದೆ. ಗುಡ್ಡವ್ವನ ಸಾಲು ಹೊಡೆದು ಹಾಕಿದೆ. ಠಸ್ಸೆ ಬಿತ್ತು.

೨೪ ಏಪ್ರಿಲ್

ಗೆದ್ದೆವು! ಅಪೀಲ್ ಪುರಸ್ಕರಿಸಲಾಗಿದೆ. ಮೇ ತಿಂಗಳಲ್ಲಿ ಮರುಪರಿಶೀಲನೆ, 'ಕೆಲಸ ನಡೆಯುವ ವೇಳೆಯಲ್ಲಿ'. ಓದಿ ಕುಣಿಯಬೇಕು ಅನ್ನುವಷ್ಟರಲ್ಲಿ ಹೊಳೆಯಿತು — ಮೇ? ಹಂಗಾಮು ಮುಗಿದು ಗಿಡ ಕಿತ್ತು ತಿಂಗಳಾಯಿತು. ಎರಡು ತಿಂಗಳು ಫೈಲಿನ ಮೇಲೆ ಕೂತು ಈಗ ಹೂವು ನೋಡುತ್ತಾರಂತೆ. ಈಡಿಯಟ್ಸ್.

ಸುಚಿತ್ರಾ ರೊಟ್ಟಿ ಬಡಿಯುತ್ತಿದ್ದಳು.

"ನೀ ಹಾವೇರಿಗೆ ಹೋದ ದಿನಾನ ಎರಡು ಸಾಲಿಗಾಗೋಷ್ಟು ಬೀಜಾ ಬ್ಯಾರೆ ಹಾಕೇನಪ್ಪಾ. ಈ ಆಫೀಸಿನವರ ಲಗೂ ಅಂದ್ರ ಎಷ್ಟು ತಡಾ ಅಂತ ನನಗ ಗೊತ್ತಿಲ್ಲೇನು?"

ಥೇಟ್ ಅವಳವ್ವ.

೧೪ ಮೇ

ಬಿಸಿಲಿಗೆ ಅರ್ಧ ಹೂವು ಉದುರಿವೆ. ಉಳಿದವಕ್ಕೆ ಸುಚಿತ್ರಾ, ಆಯಿಶಾ ನೀರು ಕಟ್ಟುತ್ತ ಕೂತಿದ್ದಾರೆ. ಸಾಹೇಬರ ಫೋನು: ನಾಳೆ ಮುಂಜಾನೆ ಏಳಕ್ಕೆ ಹಾಜರ್.

೧೫ ಮೇ, ನೆಟ್ ಹೌಸಿನ ಬಳಿ, ಬೇವಿನ ನೆರಳು

ಆರರಿಂದ ಕಾದೆವು. ಏಳಾಯಿತು. ಎಂಟು. ಕೋರ್ಸಿನ ಹೆಂಗಸರು ಎಷ್ಟು ಹೊತ್ತು ತಡೆಯುತ್ತಾರೆ, ಪರಾಗ ಹಚ್ಚಿ ಮುಗಿಸಿದರು. ಒಂಬತ್ತಾಗುತ್ತಲೇ ಬಿಸಿಲು ಸುಡತೊಡಗಿತು. ಹೆಂಗಸರು ಮನೆಗೆ ಹೋದರು. ಆಯಿಶಾ ಹೋಗಲಿಲ್ಲ.

ಮಧ್ಯಾಹ್ನ

ಈಗ ಜೀಪು ಬಂತು. ಗಡಿಯಾರ ನೋಡಿದೆ — ಒಂದೂವರೆ. ಅವರೇ. ಅದೇ ಸಾಹೇಬರು.

"ಏನ್ರೀ, ಮತ್ತ ಖಾಲಿ ಐತಲ್ಲಾ? ನಾಕು ಹೂವು ಬಿಡಿಸಿ ತೋರಿಸ್ರಿ, ಪಾಸ್ ಅಂತ ಬರಕೊಂಡು ಹೋಗ್ತೇನಿ."

ಆಯಿಶಾ ಚಿಮಟಿಗೆ ಎತ್ತಿಕೊಂಡಳು. ಸುಚಿತ್ರಾ ಅವಳ ಕೈ ಹಿಡಿದಳು. ಆಮೇಲೆ ನನ್ನ ಕೆಳಗಿನ ಕುರ್ಚಿ ಕೇಳಿದಳು, ಒಯ್ದು ಅವರ ಮುಂದೆ ಹಾಕಿದಳು.

"ಕುಂದ್ರಿ ಸರ್. ಸಂಜೀಕ ತೋರಿಸ್ತೇವಿ."

ನಾನು ನೆಲಕ್ಕೆ ಕೂತು ಬರೆಯುತ್ತಿದ್ದೇನೆ. ಡ್ರೈವರ್ ಎಂಜಿನ್ ಬಂದ್ ಮಾಡಿಲ್ಲ. ಸಾಹೇಬರು ಒಮ್ಮೆ ಕುರ್ಚಿ ನೋಡುತ್ತಾರೆ, ಒಮ್ಮೆ ಗಡಿಯಾರ. ಇನ್ನೂ ನಿಂತೇ —