ಹಾಳೆಯ ಅಡಿಯ ಎರಡು ಸಾಲು

೬ ಫೆಬ್ರವರಿ ೧೯೧೧, ಸೋಮವಾರ. ಕೋಲ್ಚೆಸ್ಟರ್

ಏಳಕ್ಕೆ ರೆಜಿಮೆಂಟ್ ಬ್ಯಾಂಡಿನ ಅಭ್ಯಾಸ. ಕ್ಲಾರಿನೆಟ್‌ನವರು ಮತ್ತೆ ಹಿಂದೆ ಬಿದ್ದರು. ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆ ಅಂದರೆ ನೂರಿಪ್ಪತ್ತೇ, ನೂರ ಹದಿನೆಂಟಲ್ಲ ಅಂತ ಬೈದೆ. ಚಳಿಗೆ ಎಲ್ಲರ ತುಟಿ ಒಡೆದಿದೆ, ಪಾಪ. ಆದರೂ ಬೈದೆ.

ಹೊಸ ಮಾರ್ಚ್ ರಾಗ ಕಟ್ಟಿ ಮುಗಿಸಿದೆ. ನನ್ನ ಹನ್ನೊಂದನೆಯದು. ಹಿಂದಿನ ಹತ್ತನ್ನು ಯಾರೂ ಗುನುಗಲಿಲ್ಲ. ಇದನ್ನು ಹೆಟ್ಟಿ ನಿನ್ನೆ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದಳು — ಕಟ್ಟಿಕೊಂಡವಳ ಬಾಯಲ್ಲಿ ಬಂತೆಂದರೆ ಗೆದ್ದ ಹಾಗೇ! ಭಾನುವಾರ ಚರ್ಚ್ ಪೆರೇಡಿಗೆ ಜನರಲ್ ಬರುತ್ತಾರೆ. ಅಷ್ಟರಲ್ಲಿ ಇಪ್ಪತ್ತಾರು ವಾದ್ಯಕ್ಕೂ ಬೇರೆ ಬೇರೆ ಹಾಳೆ ಬರೆದಾಗಬೇಕು. ಕಾರ್ಪೊರಲ್ ಗಾರ್ಸೈಡ್‌ಗೆ ಒಪ್ಪಿಸಿದೆ. ಹಿತ್ತಾಳೆಯ ದೊಡ್ಡ ಯುಫೋನಿಯಂ ಊದುವವನು. ಅವನಷ್ಟು ದುಂಡಗೆ ಸ್ವರ ಬರೆಯುವವರು ಬ್ಯಾಂಡಿನಲ್ಲೇ ಇಲ್ಲ.

೯, ಗುರುವಾರ

ಹದಿನಾಲ್ಕು ಹಾಳೆ ಆಗಿದೆ. ಗಾರ್ಸೈಡ್ ಕೆಮ್ಮುತ್ತಿದ್ದಾನೆ. ಟೀ ಹೊತ್ತಿಗೆ ಬಂದ.

"ಎದೆ ಹಿಡ್ಕೊಂಡಿದೆ ಸಾರ್. ಎರಡು ದಿನ ಮಲಗ್ತೀನಿ."

"ಭಾನುವಾರ ಆಗ್ಲಿ, ವಾರವೆಲ್ಲಾ ಮಲಗುವಿಯಂತೆ."

ನಕ್ಕ. ಮಾರ್ಚೇನೋ ಬೆಚ್ಚಗಿದೆ, ಬರೆಯೋ ಕೋಣೆಯಲ್ಲಿ ಮಾತ್ರ ಬೆಂಕಿ ಇಲ್ಲ ಅಂದ. ಕಲ್ಲಿದ್ದಲು ಕಳಿಸುತ್ತೇನೆ ಅಂದೆ.

ಮರೆತೆ. ಈಗ ಬರೆಯುವಾಗ ನೆನಪಾಯಿತು. ನಾಳೆ.

೧೨, ಭಾನುವಾರ

ಗೆದ್ದೆ! ಜನರಲ್ ಮಾರ್ಚಿನ ಹೆಸರು ಕೇಳಿದರು. ಕರ್ನಲ್ ಬೆನ್ನು ತಟ್ಟಿದರು. ಹಾಳೆಗಳಲ್ಲಿ ಒಂದು ತಪ್ಪಿಲ್ಲ.

ಗಾರ್ಸೈಡ್ ಇರಲಿಲ್ಲ, ಅವನ ಭಾಗವನ್ನು ಪಕ್ಕದ ರೆಜಿಮೆಂಟಿನಿಂದ ಎರವಲು ತಂದವನು ಊದಿದ. ನಿನ್ನೆ ಮೆಟ್ಟಿಲ ಮೇಲೆ ಕುಸಿದನಂತೆ, ಆಸ್ಪತ್ರೆಯಲ್ಲಿದ್ದಾನೆ. ಹೋಗಿ ನೋಡಬೇಕು.

೧೭, ಶುಕ್ರವಾರ

ಗಾರ್ಸೈಡ್ ಹೋಗಿಬಿಟ್ಟ. ನ್ಯುಮೋನಿಯ. ಇಪ್ಪತ್ತನಾಲ್ಕು ವಯಸ್ಸು.

ನೋಡಲು ಹೋಗಿರಲಿಲ್ಲ.

೨೦, ಸೋಮವಾರ

ಮಣ್ಣು ಮಾಡಿದೆವು. ಲ್ಯಾಂಕಶೈರ್‌ನಿಂದ ತಾಯಿ ಬಂದಿದ್ದರು. ಗಿರಣಿಯಲ್ಲಿ ನೇಯುವವರು, ಒಂಟಿ ಜೀವ. ಅಳಲಿಲ್ಲ.

ಹೋಗುವಾಗ ನಿಧಾನ ಹೆಜ್ಜೆ, ಡ್ರಮ್ಮಿಗೆ ಕಪ್ಪು ಬಟ್ಟೆ. ವಾಪಸ್ ಬರುವಾಗ ಸ್ಮಶಾನದ ಗೇಟು ದಾಟಿದ ಮೇಲೆ ಉತ್ಸಾಹದ ಮಾರ್ಚ್ — ಸಿಪಾಯಿಗಳ ಮನಸ್ಸು ಕುಗ್ಗಬಾರದು ಅಂತ ಸೈನ್ಯದ ಪದ್ಧತಿ. ಹೊಸದನ್ನೇ ಊದಿಸಿ ಮಿಸ್ಟರ್ ಪೆಂಡ್ರೇ, ಅಂದರು ಕರ್ನಲ್ಲರ ಸಹಾಯಕ ಅಡ್ಜುಟೆಂಟ್. ಇವತ್ತು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಗೇಟು ಪೂರ್ತಿ ದಾಟುವಷ್ಟು ತಾಳ್ಮೆಯೂ ಇರಲಿಲ್ಲ, ಕೋಲೆತ್ತಿದೆ. ತಾಯಿ ಇನ್ನೂ ಗುಂಡಿಯ ಪಕ್ಕದಲ್ಲೇ ನಿಂತಿದ್ದರು.

ಮಧ್ಯದ ಇಂಪಾದ ಭಾಗದಲ್ಲಿ ಯುಫೋನಿಯಂ ಇಲ್ಲದೆ ಎಂಟು ಆವರ್ತ ಬರಿದಾಗಿ ಕೇಳಿತು. ಛೆ, ಹಾಳಾಯಿತು ಅಂದುಕೊಂಡೆ. ಸತ್ತವನಿಗಲ್ಲ, ನನ್ನ ಮಾರ್ಚಿಗೆ ಮರುಗಿದೆ. ಥೂ, ನನ್ನ ಜನ್ಮಕ್ಕೆ.

೨೭, ಸೋಮವಾರ

ಮಿಸೆಸ್ ಗಾರ್ಸೈಡ್ ಕಾಗದ ಬರೆದಿದ್ದಾರೆ. ಬೈಗುಳ ಇರುತ್ತದೆ ಅಂದುಕೊಂಡು ಒಡೆದೆ. ಇದ್ದದ್ದು ಉಪಕಾರ ಸ್ಮರಣೆ. ಮಗ ಕೊನೆಯದಾಗಿ ಬರೆದ ಮಾರ್ಚನ್ನು ಅವನಿಗೆ ಕೇಳಿಸಲೆಂದೇ ನಾನು ಗೇಟಿನ ಒಳಗೇ ಊದಿಸಿದೆನಂತೆ. ಅಂಥ ದೊಡ್ಡ ಮನಸ್ಸನ್ನು ಸಾಯುವ ತನಕ ಮರೆಯುವುದಿಲ್ಲವಂತೆ.

ಮುಂದಿನ ಭಾನುವಾರ ಮಗನ ಪೆಟ್ಟಿಗೆ ಒಯ್ಯಲು ಬರುತ್ತಾರೆ. ಅವನ ವಾದ್ಯದ ಹಾಳೆ ಬೇಕಂತೆ, ಅವನೇ ಬರೆದದ್ದು. ತೀರಿಹೋದ ಗಂಡ ಗಿರಣಿ ಬ್ಯಾಂಡಿನವನು, ತನಗೂ ಸ್ವರ ಓದಲು ಕಲಿಸಿದ್ದನಂತೆ.

ಕಪಾಟಿನಲ್ಲಿ ಹುಡುಕಿದೆ. ಪ್ರತಿ ಮಾಡುವವರು ಮುಗಿಸಿದ ಮೇಲೆ ಅಡಿಯಲ್ಲಿ ದಿನ, ಹೊತ್ತು ಗೀಚುವುದುಂಟು. ಯುಫೋನಿಯಂ ಹಾಳೆಯಲ್ಲಿ ಎರಡು ಸಾಲು ಇದೆ —

'ಶನಿವಾರ ಬೆಳಿಗ್ಗೆ ಮುಗೀತು. ಕೈ ನಡುಗ್ತಿದೆ, ಬೆಂಕಿ ಇಲ್ಲ.
ರಜೆ ಕೇಳಿದೆ, ಭಾನುವಾರ ಆಗ್ಲಿ ಅಂದ್ರು ಮಿಸ್ಟರ್ ಪೆಂಡ್ರೇ.'

೪ ಮಾರ್ಚ್, ಶನಿವಾರ

ಐದು ದಿನ ಹಾಳೆಯನ್ನು ಕೋಟಿನ ಒಳಗಿಟ್ಟುಕೊಂಡು ತಿರುಗಿದೆ. ಇವತ್ತು ಹೆಟ್ಟಿಗೆ ತೋರಿಸಿದೆ. ಓದಿದಳು. "ಹಾಗೇ ಕೊಡಿ," ಅಂದಳು.

ಅವಳು ಮಾರ್ಕೆಟ್ಟಿಗೆ ಹೋದ ಮೇಲೆ ಅವಳ ಹೊಲಿಗೆ ಕತ್ತರಿ ತೆಗೆದುಕೊಂಡೆ. ನೇರವಾಗಿ ಕತ್ತರಿಸಿದೆ. ನನ್ನದೆಲ್ಲಾ ಅಚ್ಚುಕಟ್ಟು.

೫, ಭಾನುವಾರ, ಮಧ್ಯಾಹ್ನ ಎರಡೂವರೆ

ಬಂದರು. ಟೀ ಕೊಟ್ಟೆವು, ಕೇಕ್ ಮುಟ್ಟಲಿಲ್ಲ. ಹಾಳೆ ಕೊಟ್ಟೆ. ಬೆರಳಿಟ್ಟು ಮೆಲ್ಲಗೆ ಗುನುಗಿದರು, ಒಂದು ಸ್ವರ ತಪ್ಪಲಿಲ್ಲ. ಅಡಿಯ ಅಂಚಿಗೆ ಬಂದು ಹೆಬ್ಬೆರಳು ನಿಂತಿತು.

"ಚಿಕ್ಕಂದಿನಿಂದ ಹಾಳೆ ಕೆಳಗೆ ಏನಾದ್ರೂ ಗೀಚೋನು. ಇದ್ರಲ್ಲಿಲ್ವಲ್ಲ?"

"ಆತುರದಲ್ಲಿದ್ದ, ಅಮ್ಮಾ."

"ನಿಮಗೋಸ್ಕರ ತಾನೇ. ಇರ್ಲಿ ಬಿಡಿ." ನನ್ನ ಕೈ ಹಿಡಿದುಕೊಂಡರು. ಮಗ್ಗ ಆಡಿಸಿ ಒರಟಾದ ಕೈ. ಬಿಡಿಸಿಕೊಳ್ಳಲು ಆಗಲಿಲ್ಲ. ಹೆಟ್ಟಿ ಎದ್ದು ಅಡಿಗೆಮನೆಗೆ ಹೋದಳು.

ಮೂರೂಕಾಲು

ಅವರ ರೈಲು ನಾಲ್ಕಕ್ಕೆ. ಬ್ಯಾರಕ್ಕಿನ ಗೇಟಿನ ಬಳಿ ಪೆಟ್ಟಿಗೆ ಮೇಲೆ ಕೂತಿದ್ದಾರೆ, ಗಾಡಿ ಇನ್ನೂ ಬಂದಿಲ್ಲ. ಕಿಟಕಿಯಿಂದ ಕಾಣುತ್ತಾರೆ. ಹಾಳೆ ಮಡಿಲಲ್ಲಿದೆ, ಮತ್ತೆ ಓದುತ್ತಿದ್ದಾರೆ.

ಕತ್ತರಿಸಿದ ತುಂಡು ಈ ಪುಸ್ತಕದೊಳಗಿದೆ. ಬೆಂಕಿಗೆ ಹಾಕಲು ಎರಡು ಸಲ ಎದ್ದೆ. ಈ ಮನೆಯಲ್ಲಿ ಬೆಂಕಿಗೇನು ಕಮ್ಮಿ.

ಹೆಟ್ಟಿ ಬಂದು ನನ್ನ ಟೋಪಿಯನ್ನು ಮೇಜಿನ ಮೇಲಿಟ್ಟು ಹೋದಳು.

ಗಾಡಿ ಬಂತು. ಗಾಡಿಯವನು ಪೆಟ್ಟಿಗೆ ಏರಿಸುತ್ತಿದ್ದಾನೆ. ಟೋಪಿ ಹಾಕಿಕೊಂಡೆ. ತುಂಡು ಕೈಯಲ್ಲಿದೆ. ಅಲ್ಲಿ ಹೋಗಿ ತೊದಲಬಾರದು, ಹೇಳಬೇಕಾದ್ದನ್ನು ಇಲ್ಲೇ ಒಂದು ಸಲ ಬರೆದುಕೊಳ್ಳುತ್ತೇನೆ — ಅಮ್ಮಾ, ಅವನು ರಜೆ ಕೇಳಿದ್ದ. ಕೊಡದೇ ಇದ್ದವನು ನಾ — ಗಾಡಿ ಅಲುಗಿತು, ಓಡುತ್ತೇನೆ.