ಪ್ರೇಮಕ್ಕನಿಗೆ ಸಿಕ್ಕ ಉತ್ತರವನ್ನು ಮರಳಿಸಿ

ಸುದ್ದಿ ವಾಹಿನಿಯ ಮುಖ್ಯ ಸಂಪಾದಕರೇ,

‘ಮಾನ್ಯರೇ’ ಎಂದು ಶುರುಮಾಡುವುದು ವಾಡಿಕೆ. ಆ ಪದವನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಕೊಪ್ಪದಲ್ಲಿ ನೀವು ನಡೆಸಿದ ಅಭ್ಯರ್ಥಿಗಳ ಚರ್ಚೆಗೆ ಮೂವರು ತೀರ್ಪುಗಾರರನ್ನು ಕೂರಿಸಿದಿರಿ. ಅವರಲ್ಲಿ ನಾನೂ ಒಬ್ಬ. ನಾವು ಕೊಟ್ಟ ತೀರ್ಪನ್ನು ನುಂಗಿ, ಕೊಡದ ತೀರ್ಪನ್ನು ರಾಜ್ಯಕ್ಕೆಲ್ಲ ತೋರಿಸಿದಿರಿ. ಇದಕ್ಕೆ ನಮ್ಮ ಕಡೆ ಮೋಸ ಎನ್ನುತ್ತಾರೆ. ನಿಮ್ಮ ಕಚೇರಿಯಲ್ಲಿ ಎಡಿಟಿಂಗ್ ಎನ್ನುತ್ತಾರಂತೆ.

ಅಂದು ಕೆರೆಕಟ್ಟೆಯ ಪ್ರೇಮಕ್ಕನನ್ನು ಸಭೆಗೆ ಕರೆತಂದವನು ನಾನೇ. ಕಳೆದ ಮಳೆಗಾಲದಲ್ಲಿ ಅವರ ಮನೆಯ ಕೆಳಗಿನ ಹಳ್ಳ ದಾಟುವ ಕಾಲುಸಂಕ, ಆ ಮರದ ಕಿರುಸೇತುವೆ, ಕೊಚ್ಚಿಹೋಯಿತು. ಮಗಳು ನಿಶ್ಚಿತಾ ಮಳೆ ಬಿಡುವವರೆಗೂ ಶಾಲೆಗೆ ಹೋಗಲಿಲ್ಲ. “ಟೀವಿ ಎದುರು ಕೇಳಿ, ಉತ್ತರ ಕೊಡಲೇಬೇಕಾಗ್ತದೆ” ಎಂದು ನಾನು ಧೈರ್ಯ ಹೇಳಿದ್ದೆ. ಅವರು ಎದ್ದು ನಿಂತು ಸಂಕದ ಬಗ್ಗೆ ಕೇಳಿದರು.

ಮೊದಲ ಅಭ್ಯರ್ಥಿ ಕೈಮುಗಿದು, “ತಾಯೀ, ಮುರಿದದ್ದು ನಿಮ್ಮ ಹಳ್ಳದ ಸಂಕವಲ್ಲ, ಈ ನಾಡಿನ ಆತ್ಮಸಾಕ್ಷಿ” ಎಂದರು. ಆಹಾ, ಎಂಥ ಮಾತು. ಸಭೆ ಚಪ್ಪಾಳೆ ಹೊಡೆಯಿತು, ನಾನೂ ಹೊಡೆದೆ. ಎರಡನೆಯವರು ತಲೆ ಕೆರೆದುಕೊಂಡು ಹೇಳಿದರು: “ಅಕ್ಕಾ, ಸಿಮೆಂಟಿನ ಸೇತುವೆ ಈ ಮಳೆಗಾಲದೊಳಗೆ ಆಗೂದಿಲ್ಲ. ಆಗ್ತದೆ ಅಂದ್ರೆ ಸುಳ್ಳಾಗ್ತದೆ. ಮರದ ಸಂಕಕ್ಕೆ ಅರಣ್ಯ ಇಲಾಖೆ ಒಪ್ಪಬೇಕು. ಗೆದ್ರೂ ಸೋತ್ರೂ ರೇಂಜರ್ ಆಫೀಸಿಗೆ ನಿಮ್ಮ ಜೊತೆ ನಾನೇ ಬರ್ತೇನೆ.” ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆದರೆ ನಾವು ಮೂವರೂ ಗೆಲುವು ಕೊಟ್ಟದ್ದು ಅವರಿಗೇ. ಅದನ್ನು ನಿಮ್ಮ ಮೈಕಿನಲ್ಲೇ ಹೇಳಿದ್ದೆವು.

ಇದು ನಿಮಗೆ ವಿಚಿತ್ರವಾಗಿ ಕಂಡಿತೇ? ನಾವು ತಾಳಮದ್ದಲೆ ಕೇಳಿ ಬೆಳೆದವರು ಸ್ವಾಮೀ. ವೇಷವಿಲ್ಲದೆ ಕುಳಿತು ಕೌರವನ ಅರ್ಥ ಹೇಳುವವನು ಸೊಗಸಾಗಿ ವಾದಿಸಿದರೆ ಕೈ ತಾನಾಗಿ ಚಪ್ಪಾಳೆ ಹೊಡೆಯುತ್ತದೆ. ಹಾಗೆಂದು ನಾವ್ಯಾರೂ ‘ರಾಜ್ಯ ಅವನಿಗೇ ಇರಲಿ’ ಎಂದು ಹೇಳಿ ಮನೆಗೆ ಹೋಗುವುದಿಲ್ಲ. ಚಪ್ಪಾಳೆ ಮಾತಿನ ಚಂದಕ್ಕೆ, ತೀರ್ಪು ನ್ಯಾಯಕ್ಕೆ. ಇಷ್ಟು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು.

ನೀವು ಪ್ರಸಾರ ಮಾಡಿದ್ದೇನು? ಆತ್ಮಸಾಕ್ಷಿಯ ಡೈಲಾಗು, ಅದರ ಬೆನ್ನಿಗೆ ನನ್ನ ಚಪ್ಪಾಳೆ, ಕೆಳಗೆ ‘ತೀರ್ಪುಗಾರರ ಮನ ಗೆದ್ದ ಮಾತುಗಾರ’ ಎಂಬ ದಪ್ಪಕ್ಷರ. ಎರಡನೆಯವರು ತಲೆ ಕೆರೆದುಕೊಂಡದ್ದನ್ನು ನಿಧಾನಗತಿಯಲ್ಲಿ, ಹಾಸ್ಯದ ಸಂಗೀತ ಹಾಕಿ, ಮತ್ತೆ ಮತ್ತೆ ತೋರಿಸಿದಿರಿ. ಉತ್ತರ ಮಾತ್ರ ಮಾಯ. ಫೋನ್ ಮಾಡಿ ಕೇಳಿದರೆ ನಿಮ್ಮವರು “ಸಮಯದ ಅಭಾವ ಸರ್” ಎಂದರು. ತಲೆ ಕೆರೆಯುವುದಕ್ಕೆ ಇದ್ದ ಸಮಯ ಉತ್ತರಕ್ಕೆ ಇರಲಿಲ್ಲವೇ?

ಬಸ್ ನಿಲ್ದಾಣದ ಬಳಿಯ ನನ್ನ ಬಟ್ಟೆ ಅಂಗಡಿಗೆ ಮೊನ್ನೆ ಪ್ರೇಮಕ್ಕ ಬಂದಿದ್ದರು. ಕೂರಿ ಎಂದರೂ ಕೂರಲಿಲ್ಲ.

“ಅವ್ರು ರೇಂಜರ್ ಆಫೀಸಿಗೆ ಬರ್ತಾರೆ ಅಂತ ಊರಲ್ಲೆಲ್ಲ ಹೇಳಿದ್ದೆ. ಟೀವೀಲಿ ಅದು ಬರ್ಲೇ ಇಲ್ಲ. ಈಗ ನಾನು ಸುಳ್ಳಿ ಅಂತಾರೆ ಮಾರಾಯ್ರೆ. ಸಂಕದ ಅರ್ಜಿಗೆ ಸಹಿ ಹಾಕಿ ಅಂದ್ರೆ ಒಬ್ರೂ ಹಾಕೂದಿಲ್ಲ. ನೀವೇ ಚಪ್ಪಾಳೆ ಹೊಡ್ದಿದ್ದು ಅವ್ರೆಲ್ಲ ನೋಡಿದಾರಲ್ಲ.”

ನಿಮ್ಮನ್ನು ನಂಬಿ ಅವರನ್ನು ಅಲ್ಲಿ ನಿಲ್ಲಿಸಿದವನು ನಾನೇ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಮತದಾನಕ್ಕೆ ಮೊದಲು, ಚರ್ಚೆಯನ್ನು ತೋರಿಸಿದ ಅದೇ ಹೊತ್ತಿನಲ್ಲಿ, ಆ ಉತ್ತರವನ್ನೂ ನಮ್ಮ ತೀರ್ಪನ್ನೂ ಕತ್ತರಿ ಹಾಕದೆ ಪ್ರಸಾರ ಮಾಡಿ. ಯಾರು ಗೆಲ್ಲುತ್ತಾರೋ ಅದು ಜನರಿಗೆ ಬಿಟ್ಟದ್ದು. ಆದರೆ ಮಳೆ ಹಿಡಿಯುವ ಮೊದಲು ಪ್ರೇಮಕ್ಕನ ಅರ್ಜಿಗೆ ಸಹಿ ಬೀಳಬೇಕು. ನಿಮ್ಮ ಬಳಿ ಟೇಪು ಇದೆ. ಅವರ ಬಳಿ ಇರುವುದು ಊರು ನಂಬದ ಒಂದು ಮಾತು ಮಾತ್ರ.

ಇಂತಿ,
ನಿಮ್ಮ ಪರದೆಯ ಮೇಲೆ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇರುವ
ಶೇಷಪ್ಪ, ಹರಿಹರಪುರ