ನೀರು ತುಂಬಿದ ದಿನ

ಆಗಸ್ಟ್ 12, 2024. ಸೋಮವಾರ. ಬೆಳಿಗ್ಗೆ 9.30

ಇವತ್ತು ಎರಡು ಟ್ಯೂಬ್ ಒಡೆದೆ. ಆನಂದ ಏನೂ ಅನ್ನಲಿಲ್ಲ. ಹಾಲಿನ ಸಂಘದ ಸೆಕ್ರೆಟರಿ ಅವನೇ, ಅನ್ನಬಹುದಿತ್ತು.

ಫ್ಯಾಟ್ ನೋಡುವ ಕರೆಂಟ್ ಮಿಷನ್ ಕೆಟ್ಟು ತಿಂಗಳಾಯಿತು. ರಿಪೇರಿಯವರು ಬರುವ ತನಕ ಹಳೆಯ ಪದ್ಧತಿ. ಟ್ಯೂಬಿಗೆ ಮೊದಲು ಆಸಿಡ್. ಅದರ ಮೇಲೆ ಹಾಲು — ಒಳಗೋಡೆಗುಂಟ ನಿಧಾನ ಇಳಿಸಬೇಕು. ಕೊನೆಗೆ ಒಂದು ಅಳತೆ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದರೆ ಬಿಳಿ ಹಾಲು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ, ಟ್ಯೂಬು ಮಾತ್ರ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ನಮ್ಮ ಮನೆಯವರು ಹದಿನೆಂಟು ವರ್ಷ ಇದನ್ನೇ ಮಾಡಿದರು. ಮನೆಗೆ ಬಂದು ಒಂದು ದಿನವೂ ಈ ಬಿಸಿಯ ಮಾತು ಆಡಲಿಲ್ಲ.

ಇವರು ಹೋಗಿ ಐವತ್ತಾರು ದಿನ. ಬಿಳಗಿಯಿಂದ ಬರುವಾಗ ಎದೆನೋವೆಂದು ಬೈಕ್ ನಿಲ್ಲಿಸಿ ಕೂತರಂತೆ. ಅಷ್ಟೇ. ಸಂಘದವರು ಇವರ ಕೆಲಸ ನನಗೆ ಕೊಟ್ಟರು. ಹತ್ತನೇ ಪಾಸಾದರೆ ಸಾಕಂತೆ.

ಈ ಪುಸ್ತಕವೂ ಇವರದೇ. ಪಶು ಆಹಾರದವರು ಹೊಸ ವರ್ಷಕ್ಕೆ ಕೊಟ್ಟದ್ದು. ಒಂದು ಪುಟದಲ್ಲಿ ಮಾತ್ರ ಇವರ ಅಕ್ಷರ, ಕೆಳಗೆ ಎರಡು ಗೆರೆ ಎಳೆದದ್ದು: ‘ಆಸಿಡ್ಡಿಗೆ ನೀರು ತಾಗಬಾರದು. ತಾಗಿದರೆ ಸಿಡಿಯುತ್ತದೆ.’ ಹೊಸದಾಗಿ ಬಂದವರಿಗೆ ಹೇಳಿಕೊಡಲು ಬರೆದುಕೊಂಡಿದ್ದೋ ಏನೋ. ನನಗೇ ಬರೆದಿಟ್ಟ ಹಾಗಿದೆ.

ಆಗಸ್ಟ್ 20. ಮಂಗಳವಾರ

ಇವರ ಫೋಟೋ ಟೆಸ್ಟಿಂಗ್ ರೂಮಿನಲ್ಲಿ ಹಾಕಬಹುದಾ ಎಂದು ಕೇಳಿದೆ. ಆನಂದ, “ಕೇಳೂದೆಂತ ಅತ್ಗೆ, ಕೆರಿಯಣ್ಣನ ರೂಮೇ ಅಲ್ದಾ” ಎಂದ. ಇವರನ್ನು ಅವನು ಕರೆಯುತ್ತಿದ್ದದ್ದು ಹಾಗೆ. ಇದ್ದದ್ದು ಒಂದೇ ಮೊಳೆ. ಅಲ್ಲಿ ಯಾವುದೋ ಹಳೆಯ ಚಾರ್ಟು ಅಂಟಿಸಿದ್ದಾರೆ. ಅದರ ಕೆಳಗಿನ ಅರ್ಧದ ಮೇಲೆ ಫೋಟೋ ಬಂತು. ಮೇಲಿನ ಸಾಲು ಕಾಣುತ್ತದೆ — ಆಸಿಡ್ಡಿಗೆ ನೀರು ಸುರಿಯಬೇಡಿ. ಪುಸ್ತಕದಲ್ಲಿ ಇವರು ಬರೆದದ್ದೇ.

ಮೇಜಿನ ಕೆಳಗೆ ಯಾವಾಗಲೂ ಒಂದು ಬಕೆಟ್ ನೀರು ತುಂಬಿಡುತ್ತಿದ್ದರಂತೆ. ಆಸಿಡ್ ಪಕ್ಕದಲ್ಲಿ ನೀರೇಕೆ? ಬಕೆಟ್ ಹೊರಗೆ ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಸೆಪ್ಟೆಂಬರ್ 3. ಮಂಗಳವಾರ. ಸಂಜೆ

ಆಸಿಡ್ಡಿನ ಒಂದು ಹನಿ ಮಣಿಕಟ್ಟಿನ ಮೇಲೆ ಬಿತ್ತು. ಸೂಜಿ ಚುಚ್ಚಿದ ಹಾಗೆ. ಸೆರಗಿನಿಂದ ಒರೆಸಿದೆ. ನೀರು ತಾಗಿಸಲಿಲ್ಲ. ಸೆರಗಿನಲ್ಲಿ ಅವರೆಕಾಳಿನಷ್ಟು ತೂತು. ಅತ್ತೆ ತುಪ್ಪ ಹಚ್ಚಿದರು. ಕಪ್ಪು ಕಲೆ ಉಳಿದಿದೆ, ನೋವಿಲ್ಲ.

ಪಕ್ಕದ ಮನೆಯ ಪಾರ್ವತವ್ವ ಹಾಲು ಹಾಕಲು ಬಂದು, “ನಿನ್ನ ಗಂಡ ಇದ್ದಾಗ ನಮ್ಮನೆ ಎಮ್ಮೆ ಹಾಲಿಗೆ ಏಳೂವರೆ ಫ್ಯಾಟ್ ಬರ್ತಿತ್ತು. ಈಗ ಆರು. ಎಮ್ಮೆನೂ ದುಃಖದಲ್ಲಿ ಅದೆಯೇನೆ?” ಎಂದಳು. “ನೀರು ಹಾಕೋರ ಕೈಗೆ ದುಃಖ ಇಲ್ಲ ಕಾಣ್ತದೆ” ಎಂದ ಆನಂದ. ನಗು ಬಂತು. ಜೂನ್ ಕಳೆದ ಮೇಲೆ ಮೊದಲ ಸಲ.

ಅಕ್ಟೋಬರ್ 17. ಗುರುವಾರ. ಭೂಮಿ ಹುಣ್ಣಿಮೆ

ನಮಗೆ ವರ್ಷದೊಳಗೆ ಹಬ್ಬವಿಲ್ಲ. ಮಗಳು ದೀಕ್ಷಿತಾ, ಪಾರ್ವತವ್ವನ ಮನೆಯವರು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆದುಕೊಟ್ಟಳು. ಪುಂಡಿನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ. ಕೂದಲೆಳೆಯಂಥ ಗೆರೆ, ಒಂದೂ ಇನ್ನೊಂದಕ್ಕೆ ತಾಗುವುದಿಲ್ಲ. ಬರೆಯುವಾಗ ಉಸಿರು ಬಿಗಿ ಹಿಡಿದಿರುತ್ತಾಳೆ. ಹದಿನೆಂಟು ತುಂಬಿತು. ಸಿದ್ದಾಪುರದಲ್ಲಿ ಬಿಕಾಂ. ಮಾತಿಗಿಂತ ಗೆರೆ ಹೆಚ್ಚು. ಅಪ್ಪನ ಹಾಗೆ.

ಶಿರಸಿಯಲ್ಲಿ ಒಬ್ಬರು ಗೋಡೆ ತುಂಬ ಬರೆಸುತ್ತಾರಂತೆ, ಇವಳನ್ನು ಕರೆದಿದ್ದಾರೆ. ದೀಪಾವಳಿ ಆದ ಮೇಲೆ.

ಅಕ್ಟೋಬರ್ 28. ಸೋಮವಾರ

ಹಬ್ಬಕ್ಕೆ ಸಂಘಕ್ಕೆ ಸುಣ್ಣಬಣ್ಣ. ಎಲ್ಲ ಸಾಮಾನು ಹೊರಗೆ. ಆಸಿಡ್ ಕ್ಯಾನಿನ ಅಡಿಯಲ್ಲಿ ನಾಲ್ಕು ಬೆರಳಷ್ಟು ಉಳಿದಿತ್ತು. ಬಣ್ಣದವರು ತುಳಿದಾಡುತ್ತಾರೆಂದು ಮನೆಗೆ ತಂದೆ. ಬಚ್ಚಲಿನಲ್ಲಿ ಹಂಡೆಯ ಹಿಂದೆ ಇಟ್ಟೆ, ಅಲ್ಲಿ ಯಾರೂ ಹೋಗುವುದಿಲ್ಲ. ಎರಡು ದಿನದ ಮಾತು.

ದೀಕ್ಷಿತಾ ಕಾಲೇಜಿನಿಂದ ಬಂದ ಮೇಲೆ ಹೇಳಬೇಕು.

ನವೆಂಬರ್ 4. ಸೋಮವಾರ. ಹುಬ್ಬಳ್ಳಿ, ಕಣ್ಣಾಸ್ಪತ್ರೆ

ಹೇಳಲಿಲ್ಲ. ಮರೆತೆ.

ಆಗಿದ್ದನ್ನು ಬರೆಯಬೇಕು. ಯಾರಿಗೂ ಹೇಳಲಾಗಿಲ್ಲ, ಇಲ್ಲಾದರೂ…

ಬುಧವಾರ ಸಂಜೆ, ನೀರು ತುಂಬುವ ಹಬ್ಬ. ನಮಗಿಲ್ಲ ಎಂದೆ. ಅತ್ತೆ ಕೇಳಲಿಲ್ಲ. “ದೀಪ ಬ್ಯಾಡ, ಹೋಳಿಗೆ ಬ್ಯಾಡ. ನೀರಿಗೆಂತ ಸೂತಕ? ಇವತ್ತು ಮನೇಲಿ ಒಂದು ಪಾತ್ರೆನೂ ಖಾಲಿ ಇರಬಾರದು” ಎಂದರು. ಹಂಡೆ ಬೆಳಗಿ, ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡ್ಲೆಕಾಯಿಯ ಕಾಡುಬಳ್ಳಿ ಕಟ್ಟಿದರು. ಮಗ ಹೋದ ಮೇಲೆ ಅವರು ಅಷ್ಟು ಹುರುಪಿನಲ್ಲಿದ್ದದ್ದು ಅದೇ ಮೊದಲು. ಅದಕ್ಕೇ ದೀಕ್ಷಿತಾ ಕೊಡ, ಬಿಂದಿಗೆ, ತಪ್ಪಲೆ, ಲೋಟ ಕೂಡ ಬಿಡದೆ ತುಂಬುತ್ತಾ ಹೋದಳು.

“ಅಜ್ಜಿ, ಕೂಸಿದ್ದಾಗ ನಾನು ಹಾಲು ಕುಡಿದ ಒಳಲೆನೂ ತುಂಬಿದೆ. ನಿನ್ನ ಎಲೆಡಕೆ ಡಬ್ಬಿನೂ ತುಂಬಲಾ?”

“ಅದ್ರಾಗೆ ನೀರು ಹಾಕಿದ್ರೆ ನಿನ್ನ ಕೈ ಮುರೀತೆ ನೋಡು.”

ನಗುತ್ತಿದ್ದರು ಇಬ್ಬರೂ. ಆಮೇಲೆ ಬಚ್ಚಲಿನಿಂದ ಅವಳ ದನಿ: “ಇಲ್ಲೊಂದು ಕ್ಯಾನ್ ಹಾಗೇ ಉಳಿದಿತ್ತು.”

ನಾನು ಅಡುಗೆಮನೆಯಲ್ಲಿ ಅಕ್ಕಿ ಕೇರುತ್ತಿದ್ದೆ. ಕ್ಯಾನ್ ಎಂಬ ಮಾತು ತಲೆಗಿಳಿಯುವುದರೊಳಗೆ ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದು. ಅವಳ ಕೂಗು.

ಒಂದು ಚೊಂಬು ನೀರು ಹಾಕಿದ್ದಳು. ಕ್ಯಾನು ಕುದಿದು ಬಾಯಿಂದ ಮುಖಕ್ಕೆ ಎರಚಿತ್ತು. ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಗೋಡೆಗೆ ಹಾಯುತ್ತಿದ್ದಳು. ಅತ್ತೆ ಹಂಡೆಯಿಂದ ಚೊಂಬು ತುಂಬಿ ಎತ್ತಿದರು. ಮಗುವಿನ ಮುಖದ ತನಕ ಬಂದಿತ್ತು ಆ ಕೈ. ನಾನು ಹಿಡಿದೆ. ನೀರು ಬೇಡ, ತಾಗಬಾರದು, ಸಿಡಿಯುತ್ತದೆ ಎಂದು ಕೂಗಿದೆ. ಅವರು ಬಿಡಲಿಲ್ಲ. ಚೊಂಬು ಕಿತ್ತು ಎಸೆದೆ. ಸೆರಗಿನಿಂದ ಒರೆಸಿದೆ. ತುಪ್ಪ ಹಚ್ಚಿದೆ. ಜಟ್ಟಪ್ಪನ ಆಟೋ ಬಂದು ಸಿದ್ದಾಪುರ ಮುಟ್ಟುವಾಗ ಮುಕ್ಕಾಲು ಗಂಟೆ ಕಳೆದಿತ್ತು.

ಅಲ್ಲಿಯ ನರ್ಸ್ ಒಂದು ಮಾತೂ ಕೇಳದೆ ಅವಳ ತಲೆ ಹಿಂದಕ್ಕೆ ಬಾಗಿಸಿ ನೀರು ಬಿಟ್ಟಳು. ಬಾಟಲಿಯ ಮೇಲೆ ಬಾಟಲಿ. ಕಣ್ಣಿಗೆ, ಮುಖಕ್ಕೆ, ಕುತ್ತಿಗೆಗೆ. ನಾನು ಕಣ್ಣು ಮುಚ್ಚಿಕೊಂಡೆ.

ಸಿಡಿಯಲಿಲ್ಲ.

ಮನೆ ತುಂಬ ನೀರಿತ್ತು. ಕಾಲಿಡಲು ಜಾಗವಿಲ್ಲದಷ್ಟು. ಅದರ ನಡುವಿನಿಂದ ನನ್ನ ಮಗಳನ್ನು ಒಣಮುಖದಲ್ಲಿ ಕರೆದುಕೊಂಡು ಹೋದೆ.

ನವೆಂಬರ್ 6. ಬುಧವಾರ

ಇಲ್ಲಿಯ ಡಾಕ್ಟರಮ್ಮ ಕೇಳಿದರು: “ಬಿದ್ದು ಎಷ್ಟು ಹೊತ್ತಿಗೆ ನೀರು ಹಾಕಿದ್ರಿ?”

“ಕೂಡಲೇ” ಎಂದೆ.

ಅವರು ಬರೆದುಕೊಂಡರು. ಅತ್ತೆ ನನ್ನ ಮುಖ ನೋಡಿದರು.

ನವೆಂಬರ್ 8. ಶುಕ್ರವಾರ

ಎಡಗಣ್ಣು ಹೋಯಿತು. ಬಲಗಣ್ಣಿಗೆ ಬೆಳಕು ತಿಳಿಯುತ್ತದೆ, ಎದುರು ನಿಂತವರು ನೆರಳಿನ ಹಾಗೆ. ಮುಂದೆ ಯಾರಾದರೂ ಕಣ್ಣು ದಾನ ಕೊಟ್ಟರೆ ಕಣ್ಣಿನ ಮುಂದಿನ ಪದರ ಬದಲಿಸಿ ನೋಡಬಹುದಂತೆ. ಆದರೂ ಭರವಸೆ ಕೊಡಲಿಲ್ಲ.

ಡಾಕ್ಟರಮ್ಮ ಹಾಸಿಗೆಯ ಬಳಿ ನಿಂತು, “ಕೂಡಲೇ ತೊಳೆದಿದ್ರೆ ಇಷ್ಟು ಆಳಕ್ಕೆ ಹೋಗಬಾರದಿತ್ರೀ. ಖರೇ ಹೇಳ್ರಿ, ಬೈಯೂದಿಲ್ಲ. ಔಷಧಕ್ಕ ನಮಗ ಗೊತ್ತಾಗಬೇಕು” ಎಂದರು.

ಅತ್ತೆ ಹೇಳಿದರು: “ಇವಳು ನೀರು ತಂದಿದ್ಲು. ನಾನೇ ಬ್ಯಾಡ ಅಂದೆ. ಹಳೇ ಕಾಲದೋಳು, ಗೊತ್ತಾಗಲಿಲ್ಲ.”

ದೀಕ್ಷಿತಾ ತಲೆ ಅತ್ತ ತಿರುಗಿಸಿದಳು. ಆ ಸಂಜೆಯ ಗದ್ದಲದಲ್ಲಿ ಯಾವ ಕೂಗು ಯಾರದೆಂದು ಅವಳಿಗೆ ತಿಳಿದಿರಲಿಲ್ಲ. ಈಗ ತಿಳಿಯಿತು ಅಂದುಕೊಂಡಳು.

ಹೊರಗೆ ಬೆಂಚಿನ ಮೇಲೆ ಅತ್ತೆಯ ಕಾಲು ಹಿಡಿದೆ. ಬಿಡಿಸಿಕೊಂಡರು. “ಏಳು, ಜನ ನೋಡ್ತಾರೆ. ನಿನ್ನ ಮೇಲೆ ಅವಳ ಮನಸ್ಸು ಮುರಿದ್ರೆ ಆಮೇಲೆ ಅವಳಿಗೆ ಯಾರಿದಾರೆ? ನಾನಾದ್ರೆ ಎಷ್ಟು ದಿನ ಇರೋಳು.”

ನಾನು ಎದ್ದೆ. ಒಳಗೆ ಹೋಗಿ ಆ ಮಾತು ಸರಿ ಮಾಡಲಿಲ್ಲ. ಎದ್ದೆ ಅಷ್ಟೇ.

ನವೆಂಬರ್ 19. ಮಂಗಳವಾರ. ಊರು

ನಿನ್ನೆ ಮನೆಗೆ ಬಂದೆವು. ಪಾತ್ರೆಗಳಲ್ಲಿ ಇನ್ನೂ ಅದೇ ನೀರು. ಸೊಳ್ಳೆಮರಿ ಆಡುತ್ತಿತ್ತು. ಒಂದೊಂದನ್ನೇ ಹೊರಗೆ ಚೆಲ್ಲಿದೆ.

ಇವತ್ತು ಸಂಘಕ್ಕೆ ಹೋದೆ, ಕೆಲಸ ಬಿಡುತ್ತೇನೆಂದು ಹೇಳಲು. ಹೊಸ ಬಣ್ಣದ ಗೋಡೆ. ಚಾರ್ಟನ್ನು ಮಾತ್ರ ತೆಗೆಯದೆ ಸುತ್ತ ಬಳಿದಿದ್ದಾರೆ. ಬಣ್ಣಕ್ಕೆಂದು ಇಳಿಸಿದ ಫೋಟೋ ಮೇಜಿನ ಮೇಲೆ ಮಲಗಿತ್ತು. ಹಾಗಾಗಿ ಪೂರ್ತಿ ಓದಿದೆ.

ಆಸಿಡ್ಡಿಗೆ ನೀರು ಸುರಿಯಬೇಡಿ. ಅದರ ಕೆಳಗೆ, ಕೆಂಪಕ್ಷರದಲ್ಲಿ: ಮೈಗೆ ಅಥವಾ ಕಣ್ಣಿಗೆ ಬಿದ್ದರೆ ತಡಮಾಡದೆ ಧಾರಾಳ ನೀರಿನಿಂದ ಇಪ್ಪತ್ತು ನಿಮಿಷ ತೊಳೆಯಿರಿ. ಆಮೇಲೆ ಆಸ್ಪತ್ರೆ.

ಎರಡೂ ಸಾಲಿನ ನಡುವೆ ಒಂದು ಗೇಣಿಲ್ಲ.

“ಇಲ್ಲೊಂದು ಬಕೆಟ್ ಇರ್ತಿತ್ತಲ್ಲ” ಎಂದು ಆನಂದನನ್ನು ಕೇಳಿದೆ. “ಹೌದು ಅತ್ಗೆ. ಕೆರಿಯಣ್ಣ ದಿನಾ ಬದಲಿಸ್ತಿದ್ದ. ಒಂದ್ಸಲ ನನ್ನ ಕೈ ಮೇಲೆ ಬಿದ್ದಾಗ ಮೊಣಕೈ ತನಕ ಅದ್ರಲ್ಲೇ ಅದ್ದಿ ಹಿಡಿದಿದ್ದ. ಕಲೆನೂ ಇಲ್ಲ ನೋಡಿ” ಎಂದು ಕೈ ಚಾಚಿದ. ಆಮೇಲೆ ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

ಇವರು ಎಲ್ಲ ಮಾಡಿಟ್ಟು ಹೋಗಿದ್ದರು. ನಾನು ಒಂದನ್ನು ಇವರ ಮುಖದಿಂದಲೇ ಮುಚ್ಚಿದೆ. ಇನ್ನೊಂದನ್ನು ಅಂಗಳಕ್ಕೆ ಹಾಕಿದೆ.

ನವೆಂಬರ್ 27. ಬುಧವಾರ

ದೀಕ್ಷಿತಾ ಅಜ್ಜಿಯ ಕೈಯಿಂದ ಏನೂ ತೆಗೆದುಕೊಳ್ಳುವುದಿಲ್ಲ. ಇವತ್ತು ಅತ್ತೆ ಗಂಜಿ ಹಿಡಿದು ಬಳಿಗೆ ಹೋದರು. ಹೆಜ್ಜೆ ಸದ್ದಿಗೇ ಗೊತ್ತಾಯಿತು ಅವಳಿಗೆ.

“ಅಲ್ಲೇ ಇಡು. ನಿನ್ನ ಕೈ ನನ್ನ ಹತ್ರ ಬರೋದು ಬೇಡ.”

ಅತ್ತೆ ಇಟ್ಟು ಬಂದರು. ಜಗಲಿಯಲ್ಲಿ ಕೂತು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಾಕಿಕೊಳ್ಳಲಿಲ್ಲ.

ನನ್ನ ಜೊತೆ ಅವಳು ಮಾತಾಡುತ್ತಾಳೆ. ನನ್ನ ಕೈ ಹಿಡಿದೇ ನಿದ್ದೆ ಹೋಗುತ್ತಾಳೆ. ಅದೇ ಕೈ.

ಡಿಸೆಂಬರ್ 1. ಭಾನುವಾರ

ದೀಕ್ಷಿತಾ ಪುಂಡಿನಾರಿನ ಕುಂಚ ಕೇಳಿದಳು. ನೆಲದ ಮೇಲೆ ಒಂದು ಗೆರೆ ಎಳೆದಳು, ಅದರ ಪಕ್ಕ ಇನ್ನೊಂದು. “ತಾಗಿತಾ ಅಮ್ಮ?”

“ಇಲ್ಲ” ಎಂದೆ.

ಬೆರಳಿನಿಂದ ಮುಟ್ಟಿ ನೋಡಿದಳು. ಹಿಟ್ಟು ಹಸಿಯಿತ್ತು, ಎರಡೂ ಕೂಡಿದ್ದು ತಿಳಿಯಿತು. “ಸುಳ್ಳು ಹೇಳಬೇಡ. ಸುಳ್ಳು ಹೇಳಿದರೆ ನಾನು ಯಾರನ್ನು ನಂಬಲಿ” ಎಂದಳು. ಸಿಟ್ಟಿರಲಿಲ್ಲ ಮಾತಿನಲ್ಲಿ.

ಡಿಸೆಂಬರ್ 3. ಮಂಗಳವಾರ

ಅತ್ತೆ ನಾಳೆ ಯಲ್ಲಾಪುರಕ್ಕೆ ಹೊರಟಿದ್ದಾರೆ. ಮಗಳು ಸಾವಿತ್ರವ್ವನ ಮನೆಗೆ. “ಯಾವಾಗ ಬರ್ತೀರಿ?” ಎಂದರೆ, “ಕರೆದಾಗ ಬಂದ್ರಾಯ್ತು” ಎಂದರು. ಮದುವೆಯಾಗಿ ಬಂದ ಮೇಲೆ ಐವತ್ತು ವರ್ಷ ಈ ಮನೆ ಬಿಟ್ಟು ಎರಡು ದಿನ ಉಳಿದವರಲ್ಲ. ಎಲೆಡಕೆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದಾರೆ.

ಡಿಸೆಂಬರ್ 4. ಬುಧವಾರ. ಬೆಳಿಗ್ಗೆ 7.20

ಎಂಟು ಗಂಟೆಗೆ ಬಸ್ಸು. ಅತ್ತೆ ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಾರೆ. ದೀಕ್ಷಿತಾ ಎದ್ದಿದ್ದಾಳೆ. ಒಳಗಿಂದ ಕೇಳಿದಳು, “ಅಮ್ಮ, ಅವರು ಹೋದ್ರಾ?” ಅಜ್ಜಿಯನ್ನು ಅವರು ಅಂದಳು.

ನಿನ್ನೆಯಿಂದ ಬಾಯಲ್ಲಿ ಹೇಳಿ ನೋಡುತ್ತಿದ್ದೇನೆ. ಬರುತ್ತಿಲ್ಲ. ಅದಕ್ಕೇ ಮೊದಲು ಇಲ್ಲಿ ಬರೆಯುತ್ತೇನೆ, ಬರೆದದ್ದನ್ನು ಅವಳ ಎದುರು ಓದುತ್ತೇನೆ. ಅತ್ತೆಯನ್ನೂ ಒಳಗೆ ಕರೆದು ಕೂರಿಸುತ್ತೇನೆ. ಅವಳು ಇನ್ನು ನನ್ನ ಕೈ ಹಿಡಿಯದಿದ್ದರೆ ಅಜ್ಜಿಯ ಕೈಯಾದರೂ ಇರಲಿ.

ದೀಕ್ಷಿ, ಆ ದಿನ ಅಜ್ಜಿ ಚೊಂಬು ತುಂಬಿ ನಿನ್ನ ಮುಖದ ತನಕ ತಂದಿದ್ದರು. ಅವರ ಕೈ ಹಿಡಿದದ್ದು…